ಹದಿಹರೆಯದವರ ಊಟ-ತಿಂಡಿಯನ್ನು ಹೃದಯದ ದೃಷ್ಟಿಯಿಂದ ಅಳೆಯುವ ಬಗೆ

2025ರ ಜೂನ್-ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬರತೊಡಗಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ. ಆ ದಿನಗಳಲ್ಲಿ ನನ್ನನ್ನು ಕೇಳಿದವರೆಲ್ಲರ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿತ್ತು: "ನಮ್ಮ ಹುಡುಗನಿಗೂ ಒಂದು ಇಸಿಜಿ ತೆಗೆಸಿಬಿಡೋಣವೇ?" ಹದಿನೈದು ವರ್ಷದ ಹುಡುಗನ ಇಸಿಜಿಯಲ್ಲಿ ಅವನ ರಕ್ತನಾಳದ ಒಳಗೋಡೆಗೆ ಕೊಬ್ಬು ಅಂಟತೊಡಗಿದೆಯೇ ಎಂಬುದು ಕಾಣುವುದಿಲ್ಲ. ಆದರೆ ಅಂಟುವುದು ಆ ವಯಸ್ಸಿನಲ್ಲೇ ಆರಂಭವಾಗಬಹುದು. ಅಮೆರಿಕದ ಲೂಸಿಯಾನ ರಾಜ್ಯದ ಬೊಗಲೂಸ ಎಂಬ ಪಟ್ಟಣದ ಮಕ್ಕಳನ್ನು 1973ರಿಂದ ದಶಕಗಳ ಕಾಲ ಗಮನಿಸುತ್ತ ಬಂದ ಡಾ. ಜೆರಾಲ್ಡ್ ಬೆರೆನ್ಸನ್ ಅವರ ತಂಡ, ಅಪಘಾತ ಮುಂತಾದ ಕಾರಣಗಳಿಂದ ತೀರಿಕೊಂಡ ಎಳೆಯರ ಶವಪರೀಕ್ಷೆಯಲ್ಲಿ ಇದನ್ನು ಕಣ್ಣಾರೆ ಕಂಡಿತು. ತೂಕ, ರಕ್ತದೊತ್ತಡ, ಕೊಲೆಸ್ಟ್ರಾಲ್ ಹೆಚ್ಚಿದ್ದವರಲ್ಲಿ ಕೊಬ್ಬಿನ ಗೆರೆಗಳೂ ಹೆಚ್ಚಿದ್ದವು.

ಹಾಗಾಗಿ ಈ ವಯಸ್ಸಿನಲ್ಲಿ ಅಳೆಯಬೇಕಾದದ್ದು ಮಕ್ಕಳು ದಿನವೂ ಏನು ತಿನ್ನುತ್ತಾರೆ ಎಂಬುದನ್ನು. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಪಿಯು ಕಾಲೇಜಿನ ಗೃಹವಿಜ್ಞಾನ ಉಪನ್ಯಾಸಕರು, ಊರಿನ ಆರೋಗ್ಯ ಕಾರ್ಯಕರ್ತರು ನಲವತ್ತು-ಐವತ್ತು ಮಕ್ಕಳ ಒಂದು ತರಗತಿಯಲ್ಲಿ ಇದನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಒಂದೇ ಮಗುವಿನ ತಂದೆತಾಯಿಗೂ ಇದರ ಬಹುಪಾಲು ಒದಗುತ್ತದೆ.

ಮೊದಲು: ಯಾವುದನ್ನು ಅಳೆಯುವುದು

ಅಮೆರಿಕದ ಹೃದಯ ಸಂಘ 2010ರಲ್ಲಿ ಹೃದಯಕ್ಕೆ ಹಿತವಾದ ಆಹಾರವನ್ನು ಐದೇ ಅಂಶಗಳಲ್ಲಿ ಹಿಡಿದಿಟ್ಟಿತು: ದಿನಕ್ಕೆ ನಾಲ್ಕೂವರೆ ಬಟ್ಟಲು ಹಣ್ಣು-ತರಕಾರಿ, ವಾರಕ್ಕೆ ಎರಡು ಸಲ ಮೀನು, ದಿನಕ್ಕೆ ಮೂರು ಪಾಲು ಪೂರ್ಣಧಾನ್ಯ, ದಿನಕ್ಕೆ 1500 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ (ಉಪ್ಪಿನಲ್ಲಿರುವ ಅಂಶ), ಸಿಹಿ ಪಾನೀಯಗಳಿಂದ ವಾರಕ್ಕೆ 450 ಕ್ಯಾಲೊರಿ ಮೀರದಂತೆ. 2022ರಲ್ಲಿ ಅದೇ ಸಂಘ ತನ್ನ ಅಳತೆಯನ್ನು ಪರಿಷ್ಕರಿಸಿ, ನಿದ್ರೆಯನ್ನೂ ಸೇರಿಸಿಕೊಂಡು, ಆಹಾರಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುವ ಕ್ರಮ ತಂದಿತು. ಸ್ಪೇನ್ ದೇಶದ ಸಂಶೋಧಕರು ಮಕ್ಕಳಿಗಾಗಿಯೇ ರೂಪಿಸಿದ ಕಿಡ್‌ಮೆಡ್ ಎಂಬ ಹದಿನಾರು ಪ್ರಶ್ನೆಗಳ ಪಟ್ಟಿಯೂ ಇದೆ. ಅದರಲ್ಲಿ ಎಂಟು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಒಳ್ಳೆಯದು, ಮೂರಕ್ಕಿಂತ ಮೇಲೇರದಿದ್ದರೆ ಕಳಪೆ.

ಇವನ್ನು ಕನ್ನಡಿಸಿ ಹಂಚಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಕಿಡ್‌ಮೆಡ್ ಪಟ್ಟಿಯಲ್ಲಿ "ಮನೆಯಲ್ಲಿ ಆಲಿವ್ ಎಣ್ಣೆ ಬಳಸುತ್ತೀರಾ" ಎಂಬ ಪ್ರಶ್ನೆಗೆ ಒಂದು ಅಂಕವಿದೆ. ದಾವಣಗೆರೆಯ ಒಂಬತ್ತನೆಯ ತರಗತಿಯಲ್ಲಿ ಆ ಪ್ರಶ್ನೆ ಕೇಳಿದರೆ ಮನೆಯ ಸಿರಿತನ ತಿಳಿದೀತು, ಹೃದಯದ ಸಂಗತಿ ತಿಳಿಯದು. ಬೆಳಗಿನ ತಿಂಡಿ ಬಿಡುವುದು, ಬೆಳಿಗ್ಗೆ ಬೇಕರಿ ತಿನಿಸನ್ನೇ ತಿಂದು ಮುಗಿಸುವುದು, ದಿನಕ್ಕೆ ಹಲವು ಸಲ ಸಿಹಿ ತಿನ್ನುವುದು, ಇವಕ್ಕೆ ಅದು ಅಂಕ ಕಳೆಯುವ ರೀತಿ ಮಾತ್ರ ನಮಗೂ ಹಾಗೆಯೇ ಹೊಂದುತ್ತದೆ. ಉಳಿದದ್ದನ್ನು ನಮ್ಮ ತಟ್ಟೆಗೆ ತಕ್ಕಂತೆ ಬದಲಿಸಿಕೊಳ್ಳಬೇಕು. ಪೂರ್ಣಧಾನ್ಯವೆಂದರೆ ನಮ್ಮಲ್ಲಿ ರಾಗಿ, ಜೋಳ, ಸಜ್ಜೆ, ನವಣೆ. ಮೀನು ತಿನ್ನದ ಮನೆಯಲ್ಲಿ ಅದರ ಜಾಗಕ್ಕೆ ಕಾಳು, ಶೇಂಗಾ, ಅಗಸೆ. ಆಲೂಗಡ್ಡೆಯನ್ನು ಮಾತ್ರ ತರಕಾರಿಯ ಲೆಕ್ಕಕ್ಕೆ ಸೇರಿಸಬೇಡಿ. ಸೇರಿಸಿದರೆ ಮಸಾಲೆದೋಸೆ, ಬೋಂಡಾ, ಚಿಪ್ಸ್ ಎಲ್ಲವೂ ತರಕಾರಿಯಾಗಿ ಕುಳಿತುಬಿಡುತ್ತವೆ.

ಒಪ್ಪಿಗೆ

ಹದಿನೆಂಟು ತುಂಬದವರಿಂದ ಮಾಹಿತಿ ಪಡೆಯಲು ಪೋಷಕರ ಲಿಖಿತ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ಪ್ರಕಾರ ಹನ್ನೆರಡರಿಂದ ಹದಿನೆಂಟು ವರ್ಷದವರ ಲಿಖಿತ ಸಮ್ಮತಿಯೂ ಬೇಕು. ಹಾಳೆಯಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ, ಹೆಸರು-ಸಂಖ್ಯೆಯ ಪಟ್ಟಿ ಬೇರೆಡೆ ಬೀಗದೊಳಗಿರಲಿ. ತರಗತಿಯ ಹಾಜರಿ ಸಂಖ್ಯೆಯನ್ನೇ ಬಳಸಿದರೆ ಯಾರು ಯಾರೆಂದು ಇಡೀ ತರಗತಿಗೆ ಗೊತ್ತಾಗುತ್ತದೆ.

ಲೋಟ, ಸೌಟು, ಚಮಚ

ಮಕ್ಕಳು ಗ್ರಾಂನಲ್ಲಿ ಉತ್ತರ ಕೊಡುವುದಿಲ್ಲ. ಅವರು ಹೇಳುವುದು ಒಂದು ಲೋಟ, ಎರಡು ಸೌಟು, ಒಂದು ಮುದ್ದೆ. ಆದ್ದರಿಂದ ಕೆಲಸ ಶುರುವಾಗುವ ಹಿಂದಿನ ವಾರ ಸುತ್ತಲಿನ ನಾಲ್ಕೈದು ಮನೆಗಳಿಂದ ಲೋಟ, ಬಟ್ಟಲು, ಸಾರಿನ ಸೌಟು, ಚಮಚಗಳನ್ನು ತರಿಸಿ, ನೀರು ತುಂಬಿ, ಔಷಧದ ಅಂಗಡಿಯಲ್ಲಿ ಸಿಗುವ ಅಳತೆಯ ಪಾತ್ರೆಗೆ ಸುರಿದು ನೋಡಿ. ಟೀ ಲೋಟ, ನೀರಿನ ಲೋಟ, ಮಜ್ಜಿಗೆಯ ಲೋಟ ಎಲ್ಲವನ್ನೂ ಜನ ಲೋಟವೆಂದೇ ಕರೆಯುತ್ತಾರೆ. ಒಂದರ ಅಳತೆ ಇನ್ನೊಂದರ ಎರಡರಷ್ಟು ಇರುವುದುಂಟು. ರಾಗಿಮುದ್ದೆಯಂತೂ ಮನೆಯಿಂದ ಮನೆಗೆ ಎಷ್ಟು ಬದಲಾಗುತ್ತದೆಂದರೆ, ತೂಕದ ಯಂತ್ರದ ಮೇಲಿಟ್ಟು ನೋಡದೆ ಯಾವ ಅಂಕಿಯನ್ನೂ ಬರೆಯಬಾರದು. ಹೀಗೆ ಅಳೆದ ಪಾತ್ರೆಗಳಲ್ಲಿ ಮೂರು ಗಾತ್ರದವನ್ನು ಆರಿಸಿ, ಸಂದರ್ಶನದ ಮೇಜಿನ ಮೇಲೆ ಇಡಿ. ಮಗು ಬೆರಳಿಟ್ಟು ತೋರಿಸಲಿ.

ತಿನಿಸಿನಿಂದ ಪೋಷಕಾಂಶಕ್ಕೆ ಹೋಗಲು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕ ಸಾಕು. ಅದರಲ್ಲಿ 528 ಆಹಾರಗಳ ವಿವರವಿದೆ. ಆದರೆ ಅದು ಹಸಿ ಪದಾರ್ಥಗಳ ಪಟ್ಟಿ; ಉಪ್ಪಿಟ್ಟು ಅಥವಾ ಬಿಸಿಬೇಳೆಬಾತಿನ ಲೆಕ್ಕ ಬೇಕೆಂದರೆ ಅಡುಗೆ ಮಾಡಿದವರಿಂದ ರವೆ, ಎಣ್ಣೆ, ಉಪ್ಪಿನ ಪ್ರಮಾಣ ಕೇಳಿ ನೀವೇ ಕೂಡಿಸಬೇಕು.

ನಿನ್ನೆಯ ದಿನವನ್ನು ನೆನಪಿಸುವುದು

ಇದೇ ಈ ಕೆಲಸದ ಹೃದಯಭಾಗ, ಎಡವುವುದೂ ಹೆಚ್ಚಾಗಿ ಇಲ್ಲಿಯೇ. ಇಪ್ಪತ್ತನಾಲ್ಕು ಗಂಟೆಗಳ ನೆನಪಿನ ವಿಧಾನವೆಂದು ಇದಕ್ಕೆ ಹೆಸರು: ನಿನ್ನೆ ಎದ್ದಾಗಿನಿಂದ ಇಂದು ಏಳುವವರೆಗೆ ಬಾಯಿಗೆ ಹೋದದ್ದೆಲ್ಲವನ್ನೂ ಬರೆದುಕೊಳ್ಳುವುದು.

ಕನ್ನಡದಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. "ನಿನ್ನೆ ಏನು ಊಟ ಮಾಡಿದೆ?" ಎಂದು ಕೇಳಿದರೆ ಮಗು ಅನ್ನ-ಸಾರು, ಮುದ್ದೆ, ರೊಟ್ಟಿಯನ್ನಷ್ಟೇ ಹೇಳುತ್ತದೆ. "ತಿಂಡಿ ಏನು?" ಎಂದರೆ ಇಡ್ಲಿ, ಚಿತ್ರಾನ್ನ ಬರುತ್ತವೆ. ಈ ಎರಡರ ನಡುವೆ ಬಾಯಾಡಿಸಿದ್ದು, ಅಂದರೆ ಬಿಸ್ಕತ್ತು, ಕುರುಕಲು, ಮಂಡಕ್ಕಿ, ಅಂಗಡಿಯ ಐದು ರೂಪಾಯಿಯ ಪೊಟ್ಟಣ, ಇವು ಯಾವ ಪದದಡಿಯಲ್ಲೂ ಸಿಕ್ಕಿಬೀಳುವುದಿಲ್ಲ. ಹೃದಯಕ್ಕೆ ಸಂಬಂಧಿಸಿದ ಉಪ್ಪು, ಸಕ್ಕರೆ, ಕೆಟ್ಟ ಕೊಬ್ಬು ಅಡಗಿರುವುದೇ ಅಲ್ಲಿ. ನಾನು ಕೇಳುವ ರೀತಿ ಹೀಗೆ:

"ಬೆಳಿಗ್ಗೆ ಎದ್ದಮೇಲೆ ಮೊದಲು ಬಾಯಿಗೆ ಹಾಕ್ಕೊಂಡಿದ್ದು ಏನು?"
"ಏನೂ ಇಲ್ಲ ಮಿಸ್. ಟೀ ಅಷ್ಟೇ."
"ಟೀ ಜೊತೆಗೆ?"
"ಬಿಸ್ಕೆಟ್."
"ಎಷ್ಟು?"
"ಒಂದು ಪ್ಯಾಕೆಟ್."
"ಇಡೀ ಪ್ಯಾಕೆಟ್ಟಾ?"
"ತಮ್ಮನಿಗೆ ಎರಡು ಕೊಟ್ಟೆ ಮಿಸ್."

"ಏನೂ ಇಲ್ಲ" ಎಂಬ ಉತ್ತರಕ್ಕೆ ನಿಂತುಬಿಟ್ಟಿದ್ದರೆ ಆ ಹುಡುಗಿ ಬೆಳಗಿನ ತಿಂಡಿ ಬಿಡುವವಳೆಂದು ದಾಖಲಾಗುತ್ತಿದ್ದಳು. ಅವಳ ದಿನದ ಸಕ್ಕರೆಯಲ್ಲಿ ಒಂದು ದೊಡ್ಡ ಪಾಲು ಲೆಕ್ಕದಿಂದಲೇ ಜಾರಿಹೋಗುತ್ತಿತ್ತು.

ಸಂದರ್ಶನವನ್ನು ಐದು ಸುತ್ತಿನಲ್ಲಿ ನಡೆಸುವ ಕ್ರಮವೊಂದನ್ನು ಅಮೆರಿಕದ ಕೃಷಿ ಇಲಾಖೆ ರೂಪಿಸಿದೆ, ನಮ್ಮಲ್ಲಿಯೂ ಅದು ಚೆನ್ನಾಗಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ನಡುವೆ ಬಾಯಿ ಹಾಕದೆ, ಮಗು ಹೇಳಿದ್ದನ್ನಷ್ಟೇ ಬರೆದುಕೊಳ್ಳಿ. ಎರಡನೆಯದರಲ್ಲಿ ಮರೆಯುವಂಥವನ್ನು ಹೆಸರಿಟ್ಟು ಕೇಳಿ: ಟೀ, ಕೂಲ್‌ಡ್ರಿಂಕ್ಸ್, ಚಾಕೊಲೇಟ್, ಗೆಳೆಯರ ಡಬ್ಬಿಯಿಂದ ತಿಂದದ್ದು, ದೇವಸ್ಥಾನದ ಪ್ರಸಾದ. ಮೂರನೆಯದರಲ್ಲಿ ಹೊತ್ತು ಮತ್ತು ಜಾಗ. ಟ್ಯೂಷನ್ನಿಗೆ ಹೋಗುವ ಮುನ್ನ, ಬಸ್‌ಸ್ಟ್ಯಾಂಡಿನಲ್ಲಿ ಎಂಬ ನೆನಪಿನ ಜೊತೆಗೆ ಅಲ್ಲಿ ತಿಂದದ್ದೂ ಮರಳಿ ಬರುತ್ತದೆ. ನಾಲ್ಕನೆಯದರಲ್ಲಿ ಪ್ರಮಾಣ, ಮಾಡಿದ ವಿಧಾನ, ಎರಡನೆಯ ಸಲ ಬಡಿಸಿಕೊಂಡದ್ದು. ಕೊನೆಯ ಸುತ್ತಿನಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಿ, ಬಿಟ್ಟದ್ದಿದೆಯೇ ಎಂದು ಕೇಳಿ.

ಈ ಸುತ್ತುಗಳಿಗೆ ನಮ್ಮದೇ ಎರಡು ಪ್ರಶ್ನೆಗಳನ್ನು ಸೇರಿಸಿಕೊಳ್ಳಬೇಕು. "ನೆಂಚಿಕೊಳ್ಳಲು ಏನಿತ್ತು?" ಎಂದು ಕೇಳದಿದ್ದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ ಒಂದೂ ಹಾಳೆಗೆ ಬರುವುದಿಲ್ಲ, ಏಕೆಂದರೆ ಅವು ಊಟದ ಲೆಕ್ಕದಲ್ಲಿ ಇಲ್ಲವೇ ಇಲ್ಲ. "ತಟ್ಟೆಯ ಅಂಚಿಗೆ ಏನು ಸರಿಸಿದೆ?" ಎಂಬುದು ಎರಡನೆಯದು. ಸಾರಿನಲ್ಲಿ ತರಕಾರಿ ಇತ್ತು ಎಂದು ತಾಯಿ ಹೇಳುತ್ತಾರೆ, ನಿಜವೇ; ಬೀನ್ಸು, ಬದನೆ, ನುಗ್ಗೆಯನ್ನು ಹುಡುಗ ಅಂಚಿಗೆ ಸಾಲಾಗಿ ಜೋಡಿಸಿ ಎದ್ದುಹೋದದ್ದೂ ಅಷ್ಟೇ ನಿಜ. ಸರ್ಕಾರಿ ಶಾಲೆಯಾದರೆ ಅಕ್ಷರ ದಾಸೋಹದ ಊಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣನ್ನು ಪ್ರತ್ಯೇಕವಾಗಿ ಕೇಳಿ. "ಸ್ಕೂಲಲ್ಲಿ ಕೊಟ್ಟಿದ್ದು" ತಾನು ತಿಂದದ್ದರ ಲೆಕ್ಕಕ್ಕೆ ಸೇರುವುದಿಲ್ಲವೆಂದೇ ಎಷ್ಟೋ ಮಕ್ಕಳ ಭಾವನೆ.

ಒಂದು ದಿನದ ನೆನಪಿನಿಂದ ಯಾವ ಮಗುವಿನ ರೂಢಿಯೂ ತಿಳಿಯುವುದಿಲ್ಲ. ಕನಿಷ್ಠ ಎರಡು ದಿನ, ಒಂದರ ಪಕ್ಕ ಒಂದಲ್ಲದ ದಿನಗಳು, ಅವುಗಳಲ್ಲೊಂದು ಭಾನುವಾರದ್ದಾಗಿರಲಿ. ಸೋಮವಾರ ಕೇಳಿದರೆ ಭಾನುವಾರದ ಬಾಡೂಟ ಸಿಗುತ್ತದೆ, ಗುರುವಾರ ಕೇಳಿದರೆ ಶಾಲೆಯ ದಿನ ಸಿಗುತ್ತದೆ. ಹಬ್ಬ, ಜಾತ್ರೆ, ಉಪವಾಸ, ರಂಜಾನ್ ತಿಂಗಳ ದಿನಗಳಾದರೆ ಹಾಳೆಯ ತಲೆಯಲ್ಲೇ ಗುರುತು ಹಾಕಿ.

ವಾರದ ಪಟ್ಟಿ

ನೆನಪಿನ ವಿಧಾನದ ಕೊರತೆಯನ್ನು ತುಂಬುವುದು ಆವರ್ತನದ ಪಟ್ಟಿ. ಕಳೆದ ಏಳು ದಿನಗಳಲ್ಲಿ ಇಂಥದ್ದನ್ನು ಎಷ್ಟು ಸಲ ತಿಂದೆ ಎಂಬ ಇಪ್ಪತ್ತು-ಇಪ್ಪತ್ತೈದು ಸಾಲುಗಳಿದ್ದರೆ ಸಾಕು. ಅರವತ್ತು ಸಾಲಿನ ಪಟ್ಟಿಯನ್ನು ಕೊಟ್ಟರೆ ಮೂವತ್ತರ ನಂತರ ಮಕ್ಕಳು ಓದದೆಯೇ ಟಿಕ್ ಹಾಕುತ್ತ ಹೋಗುತ್ತಾರೆ.

ನಾನು ಮಾಡಿದ ಮೊದಲ ಪಟ್ಟಿಯಲ್ಲಿ "ಫಾಸ್ಟ್‌ಫುಡ್" ಎಂಬ ಒಂದು ಸಾಲಿತ್ತು. ಆ ಶಾಲೆಯ ಮುಕ್ಕಾಲು ಪಾಲು ಮಕ್ಕಳು ಸೊನ್ನೆ ಬರೆದಿದ್ದರು. ಹಾಳೆಗಳನ್ನು ಜೋಡಿಸಿಕೊಂಡು ಸಂತೋಷದಿಂದ ಹೊರಬಂದೆ; ಗೇಟಿನಿಂದ ಸ್ವಲ್ಪ ದೂರದ ತಳ್ಳುಗಾಡಿಯ ಸುತ್ತ ಅದೇ ಮಕ್ಕಳು ಗೋಬಿ ಮಂಚೂರಿಯ ತಟ್ಟೆ ಹಿಡಿದು ನಿಂತಿದ್ದರು. ವಿಚಾರಿಸಿದಾಗ ತಿಳಿದದ್ದು: ಅವರಿಗೆ ಫಾಸ್ಟ್‌ಫುಡ್ ಎಂದರೆ ಪಿಜ್ಜಾ, ಬರ್ಗರ್, ಗೋಬಿ ಗೋಬಿಯೇ. ತಪ್ಪು ಮಕ್ಕಳದ್ದಲ್ಲ, ಪಟ್ಟಿಯದ್ದು. ಅಂದಿನಿಂದ ನಾನು ವರ್ಗಗಳ ಹೆಸರು ಬರೆಯುವುದನ್ನು ಬಿಟ್ಟಿದ್ದೇನೆ. ಗೋಬಿ, ಪಾನಿಪುರಿ, ಎಗ್‌ರೈಸ್, ಪಫ್ಸ್, ಮಿರ್ಚಿ-ಮಂಡಕ್ಕಿ, ನೂಡಲ್ಸ್, ಬಣ್ಣದ ಜ್ಯೂಸ್ ಎಂದು ಆ ಊರಿನಲ್ಲಿ ಸಿಗುವುದನ್ನೇ, ಅಲ್ಲಿ ಕರೆಯುವ ಹೆಸರಿನಿಂದಲೇ ಬರೆಯಬೇಕು. ಇದಕ್ಕಾಗಿ ಒಂದು ಸಂಜೆ ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಬಳಿ ನಿಂತು ನೋಡಿ. ಶಾಲೆಯ ಗೇಟಿನಿಂದ ಐವತ್ತು ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ; ಅದು ನಿಮ್ಮ ಶಾಲೆಯಲ್ಲಿ ಪಾಲನೆಯಾಗುತ್ತಿದೆಯೇ ಎಂಬುದನ್ನು ಹೆಜ್ಜೆ ಎಣಿಸಿಯೇ ತಿಳಿಯಬಹುದು.

ಪೊಟ್ಟಣದ ತಿನಿಸುಗಳ ಖಾಲಿ ಹೊದಿಕೆಯನ್ನು ತರಲು ಮಕ್ಕಳಿಗೆ ಹೇಳಿ, ಅವರಿಗದು ಖುಷಿಯ ಕೆಲಸ. ಹಿಂಬದಿಯಲ್ಲಿ ಬರೆದ ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: ಒಂದು ಪೊಟ್ಟಣದಲ್ಲಿ 800 ಮಿಲಿಗ್ರಾಂ ಸೋಡಿಯಂ ಇದ್ದರೆ ಅದು ಎರಡು ಗ್ರಾಂ ಉಪ್ಪು. ಅಂಕಿಯು ನೂರು ಗ್ರಾಂಗೋ ಇಡೀ ಪೊಟ್ಟಣಕ್ಕೋ ಎಂಬುದನ್ನು ಮೊದಲು ನೋಡಿಕೊಳ್ಳಿ. ಸಾಮಾನ್ಯ ಕೋಲಾ ಪಾನೀಯದಲ್ಲಿ ನೂರು ಮಿಲಿಲೀಟರಿಗೆ ಹತ್ತು-ಹನ್ನೊಂದು ಗ್ರಾಂ ಸಕ್ಕರೆ ಇರುತ್ತದೆ, ಎಂದರೆ 250 ಮಿಲಿಲೀಟರಿನ ಒಂದು ಬಾಟಲಿಗೆ ಇಪ್ಪತ್ತೈದು ಗ್ರಾಂ ದಾಟುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಐವತ್ತು ಗ್ರಾಂ, ಸಾಧ್ಯವಾದರೆ ಇಪ್ಪತ್ತೈದಕ್ಕೇ ನಿಲ್ಲಿಸಿ ಎಂದು ಅದೇ ಸಂಸ್ಥೆಯ ಸಲಹೆ.

ಅಡುಗೆಮನೆಯ ಉಪ್ಪು ಮತ್ತು ಎಣ್ಣೆ

ಸಾರಿಗೆ ಎಷ್ಟು ಉಪ್ಪು ಬಿತ್ತೆಂದು ಮಗುವಿಗೆ ಗೊತ್ತಿರುವುದಿಲ್ಲ, ತಾಯಿಯೂ ಕೈಯಳತೆಯಲ್ಲೇ ಹಾಕುವವರು. ಇಲ್ಲಿ ಮಗುವನ್ನು ಬಿಟ್ಟು ಪೊಟ್ಟಣವನ್ನು ಕೇಳುವುದು ಮೇಲು. ಹೊಸ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆಯೇ ಪೆನ್ನಿನಿಂದ ತಾರೀಕು ಬರೆಯಲಿ, ಮುಗಿದ ದಿನವೂ ಬರೆಯಲಿ. ನಾಲ್ವರ ಮನೆಯಲ್ಲಿ ಒಂದು ಕಿಲೋ ಉಪ್ಪು ಇಪ್ಪತ್ತೈದು ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ ಹತ್ತು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಐದು ಗ್ರಾಂ, ಸುಮಾರು ಒಂದು ಸಮ ಟೀ ಚಮಚ. ದನದ ಕಲಗಚ್ಚಿಗೆ ಹಾಕಿದ್ದು, ಉಪ್ಪಿನಕಾಯಿ ಹಾಕಲು ತೆಗೆದದ್ದು, ತರಕಾರಿ ತೊಳೆಯಲು ಬಳಸಿದ್ದನ್ನು ಕೇಳಿ ಕಳೆಯಬೇಕು. ಹೋಟೆಲು-ಬೇಕರಿಯ ಉಪ್ಪು ಇದರಲ್ಲಿ ಸೇರಿಲ್ಲ ಎಂಬುದನ್ನೂ ಬರೆದಿಡಬೇಕು. ಕಡಿಮೆ ಮಾಡಿ ಎಂದು ಹೇಳುವಾಗ ಅಯೋಡಿನ್ ಸೇರಿಸಿದ ಉಪ್ಪನ್ನೇ ಬಳಸಿ ಎಂಬುದನ್ನು ಬಿಡಬೇಡಿ.

ಎಣ್ಣೆಯದೂ ಇದೇ ಲೆಕ್ಕ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನಾಲ್ವರಿಗೆ ತಿಂಗಳಿಗೆ ನಾಲ್ಕು ಲೀಟರಾದರೆ ತಲೆಗೆ ದಿನಕ್ಕೆ ಮೂವತ್ತು ಗ್ರಾಂ. ರಾಷ್ಟ್ರೀಯ ಪೋಷಣೆ ಸಂಸ್ಥೆಯ 2024ರ ಮಾರ್ಗಸೂಚಿ 2000 ಕ್ಯಾಲೊರಿಯ ತಟ್ಟೆಗೆ 27 ಗ್ರಾಂ ಎಣ್ಣೆ-ಕೊಬ್ಬು ಇಟ್ಟಿದೆ, ಜೊತೆಗೆ 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣು. ಬೆಳೆಯುವ ಹುಡುಗರ ಅಗತ್ಯ ಇದಕ್ಕಿಂತ ಹೆಚ್ಚಿರುವುದರಿಂದ ಮೂವತ್ತು ಕಂಡ ಕೂಡಲೇ ಗಾಬರಿಪಡುವ ಕಾರಣವಿಲ್ಲ. ಯಾವ ಎಣ್ಣೆ ಎಂಬುದನ್ನೂ ಬರೆದುಕೊಳ್ಳಿ: ತೆಂಗಿನೆಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್, ಹೆಚ್ಚಾದರೆ ರಕ್ತನಾಳಕ್ಕೆ ಒಳ್ಳೆಯದಲ್ಲದ್ದು) ನೂರಕ್ಕೆ ತೊಂಬತ್ತರ ಆಸುಪಾಸು, ತಾಳೆ ಎಣ್ಣೆಯಲ್ಲಿ ಐವತ್ತರ ಹತ್ತಿರ, ಸೂರ್ಯಕಾಂತಿಯಲ್ಲಿ ಹತ್ತರ ಸುತ್ತ. ಕರಾವಳಿಯ ಮನೆಗೂ ರಾಯಚೂರಿನ ಮನೆಗೂ ಲೀಟರಿನ ಲೆಕ್ಕ ಒಂದೇ ಬಂದರೂ ರಕ್ತನಾಳದ ಲೆಕ್ಕ ಬೇರೆಯಾಗುತ್ತದೆ. ಕರಿದ ಎಣ್ಣೆಯನ್ನು ಮತ್ತೆ ಎಷ್ಟು ಸಲ ಕಾಯಿಸುತ್ತಾರೆ ಎಂಬ ಪ್ರಶ್ನೆಯೂ ಇಲ್ಲೇ ಬರಬೇಕು.

ಮೂತ್ರದಿಂದ ಉಪ್ಪನ್ನು ಅಳೆಯುವುದು ಇದಕ್ಕಿಂತ ನಿಖರ. ತಿಂದ ಸೋಡಿಯಂನ ಸುಮಾರು ನೂರಕ್ಕೆ ತೊಂಬತ್ತರಷ್ಟು ಮೂತ್ರದಲ್ಲೇ ಹೊರಬರುತ್ತದೆ. ಆದರೆ ಅದಕ್ಕೆ ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನೆಲ್ಲ ಡಬ್ಬಿಯಲ್ಲಿ ಸಂಗ್ರಹಿಸಬೇಕು. ಹತ್ತನೆಯ ತರಗತಿಯ ಹುಡುಗಿ ಆ ಡಬ್ಬಿ ಹಿಡಿದು ಶಾಲೆಗೆ ಬರುವುದನ್ನು ಕಲ್ಪಿಸಿಕೊಂಡರೆ, ವೈದ್ಯಕೀಯ ಕಾಲೇಜಿನ ಬೆಂಬಲವಿಲ್ಲದೆ ಇದಕ್ಕೆ ಕೈಹಾಕಬಾರದೆಂಬುದು ಅರ್ಥವಾಗುತ್ತದೆ.

ಮೈಯ ಅಳತೆ

ಎತ್ತರ, ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಇಷ್ಟು ಸಾಕು. ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮುಟ್ಟಿದರೆ ಗಮನಿಸಬೇಕು. ರಕ್ತದೊತ್ತಡವನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ತೋಳಿನ ಗಾತ್ರಕ್ಕೆ ಹೊಂದುವ ಪಟ್ಟಿಯಿಂದ ಅಳೆಯಿರಿ. ಹದಿಮೂರು ದಾಟಿದವರಲ್ಲಿ 120/80ಕ್ಕಿಂತ ಕಡಿಮೆ ಸಹಜ. 130/80 ಅಥವಾ ಅದಕ್ಕಿಂತ ಮೇಲೆ ಬಂದರೂ ಬೇರೆ ಬೇರೆ ದಿನ ಮೂರು ಸಲ ನೋಡದೆ ರೋಗವೆನ್ನುವಂತಿಲ್ಲ, ಹೇಳಬೇಕಾದವರು ವೈದ್ಯರು. ಈ ಅಳತೆಯೆಲ್ಲ ಪರದೆಯ ಹಿಂದೆ, ಒಬ್ಬೊಬ್ಬರನ್ನೇ ಕರೆದು ಆಗಬೇಕು. ತೂಕವನ್ನು ತರಗತಿಯ ಮುಂದೆ ಕೂಗಿ ಹೇಳಿದ ಶಿಕ್ಷಕರನ್ನು ನಾನು ಕಂಡಿದ್ದೇನೆ. ಅದರ ಮರುದಿನದಿಂದ ಒಬ್ಬ ಹುಡುಗಿ ಮಧ್ಯಾಹ್ನದ ಊಟದ ಸಾಲಿಗೇ ಬರಲಿಲ್ಲ.

ಅಂಕ ಹಾಕುವುದು

ನಾನು ಬಳಸುವುದು ಹದಿನಾಲ್ಕು ಅಂಕದ ಸರಳ ಕ್ರಮ: ಹಣ್ಣು, ತರಕಾರಿ-ಸೊಪ್ಪು, ಪೂರ್ಣಧಾನ್ಯ, ಕಾಳು-ಶೇಂಗಾ-ಮೀನು, ಸಿಹಿ ಪಾನೀಯ, ಕರಿದದ್ದು ಮತ್ತು ಬೇಕರಿ, ನೆಂಚಿಕೆಯ ಉಪ್ಪು, ಹೀಗೆ ಏಳು ಬಾಬತ್ತು, ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು. ದಿನವೂ ಹಣ್ಣು ತಿಂದವನಿಗೆ ಎರಡು, ವಾರಕ್ಕೆ ಮೂರರಿಂದ ಆರು ದಿನವಾದರೆ ಒಂದು, ಅದಕ್ಕೂ ಕಡಿಮೆಯಾದರೆ ಸೊನ್ನೆ. ಸಿಹಿ ಪಾನೀಯ, ಕರಿದದ್ದು, ನೆಂಚಿಕೆಯಲ್ಲಿ ಇದೇ ತಿರುವುಮುರುವು. ಇದು ಪ್ರಯೋಗಾಲಯದಲ್ಲಿ ಪರೀಕ್ಷಿತವಾದ ಅಳತೆಗೋಲಲ್ಲ. ಒಂದೇ ತರಗತಿಯನ್ನು ಕೆಲವು ತಿಂಗಳ ಹಿಂದಿನ ಅದೇ ತರಗತಿಯೊಂದಿಗೆ ಹೋಲಿಸಲು ಮಾತ್ರ ಯೋಗ್ಯ. ಅಂಕ ಕಡಿಮೆ ಬಂದ ಮಗುವಿಗೆ ಹೃದ್ರೋಗ ಬರುತ್ತದೆ ಎಂಬ ಅರ್ಥ ಇದಕ್ಕಿಲ್ಲ, ಹಾಗೆಂದು ಪೋಷಕರಿಗೆ ಹೇಳಲೂಬಾರದು.

ಅಂಕ ಹಾಕುವ ಮೊದಲು ನಂಬಲಾಗದ ಹಾಳೆಗಳನ್ನು ಬೇರೆಯಿಡಿ. ರಾಷ್ಟ್ರೀಯ ಪೋಷಣೆ ಸಂಸ್ಥೆಯ 2020ರ ಲೆಕ್ಕದಂತೆ 13ರಿಂದ 15 ವರ್ಷದ ಹುಡುಗರಿಗೆ ದಿನಕ್ಕೆ 2860, ಹುಡುಗಿಯರಿಗೆ 2400 ಕ್ಯಾಲೊರಿ ಬೇಕು. ಯಾರದೋ ಹಾಳೆಯಲ್ಲಿ 900 ಬಂದರೆ ಆ ಮಗು ಮರೆತಿರಬೇಕು, ಮುಚ್ಚಿಟ್ಟಿರಬೇಕು, ಇಲ್ಲವೇ ಜ್ವರ-ಉಪವಾಸದಲ್ಲಿರಬೇಕು. ನಿಜವಾಗಿಯೂ ಮನೆಯಲ್ಲಿ ಅಷ್ಟೇ ಇರುವ ಸಾಧ್ಯತೆಯೂ ಇದೆ, ಅದನ್ನು ಮರೆಯುವಂತಿಲ್ಲ. 2016-18ರ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ದೇಶದ ಹದಿಹರೆಯದವರಲ್ಲಿ ನೂರಕ್ಕೆ 24ರಷ್ಟು ಮಂದಿ ಎತ್ತರ-ವಯಸ್ಸಿಗೆ ತಕ್ಕ ತೂಕವಿಲ್ಲದವರು, ಅತಿತೂಕದವರು ನೂರಕ್ಕೆ ಐದರ ಸುತ್ತ. ಆದ್ದರಿಂದ ಹೃದಯದ ಹೆಸರಿನಲ್ಲಿ ಇಡೀ ತರಗತಿಗೆ "ಕಡಿಮೆ ತಿನ್ನಿ" ಎಂಬ ಮಾತು ಎಂದೂ ಹೋಗಬಾರದು.

ಫಲಿತಾಂಶವನ್ನು ತರಗತಿಯ ಮುಂದಿಡುವಾಗ ಸರಾಸರಿಯ ಬದಲು ನಡುವಿನ ಅಂಕವನ್ನು, ಅಂದರೆ ಎಲ್ಲರನ್ನೂ ಅಂಕದ ಸಾಲಿನಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಅಂಕವನ್ನು ಹೇಳಿ. ತೀರ ಕಡಿಮೆ ಅಂಕ ಬಂದ ಕೆಲವರಿಂದ ಸರಾಸರಿ ಕೆಳಗೆ ಜಾರುತ್ತದೆ. ಏಳು ಬಾಬತ್ತಿನಲ್ಲಿ ಅತಿ ಕಡಿಮೆ ಬಂದ ಒಂದನ್ನು ಮಾತ್ರ ಆರಿಸಿ, ಅದಕ್ಕೆ ಏನು ಮಾಡಬಹುದೆಂದು ಮಕ್ಕಳನ್ನೇ ಕೇಳಿ. ಒಂದು ಶಾಲೆಯಲ್ಲಿ ಮಕ್ಕಳು ಸೂಚಿಸಿದ್ದು, ಸಂಜೆಯ ಟ್ಯೂಷನ್ನಿಗೆ ಮೊದಲು ಬೇಯಿಸಿದ ಶೇಂಗಾ ಮಾರುವ ಅಜ್ಜಿಯನ್ನು ಗೇಟಿನ ಬಳಿಗೆ ಕರೆಯುವುದು. ಅಜ್ಜಿಗೆ ಉಪ್ಪು ಕಡಿಮೆ ಹಾಕುವಂತೆ ಹೇಳುವ ಹೊಣೆಯನ್ನೂ ಅವರೇ ಹೊತ್ತರು.

ಮರು ಅಳತೆಗೆ ತಿಂಗಳನ್ನು ಎಚ್ಚರದಿಂದ ಆರಿಸಿ. ಮೊದಲ ಸುತ್ತನ್ನು ಬೇಸಿಗೆ ರಜೆ ಮುಗಿದ ಜೂನ್ ಮೊದಲ ವಾರದಲ್ಲಿ ಮಾಡಿದ್ದರೆ ಹಣ್ಣಿನ ಬಾಬತ್ತಿನಲ್ಲಿ ಎಲ್ಲರಿಗೂ ಎರಡೆರಡು ಬಂದಿರುತ್ತದೆ, ಮಾವಿನ ಸುಗ್ಗಿಯಲ್ಲವೇ. ಡಿಸೆಂಬರಿನಲ್ಲಿ ಮತ್ತೆ ಅಳೆದು ಹಣ್ಣು ಕಡಿಮೆಯಾಯಿತೆಂದು ಮಕ್ಕಳ ಮೇಲೆ ರೇಗಬೇಕಾಗುತ್ತದೆ. ಜುಲೈಯಲ್ಲಿ ಒಂದು, ಹಬ್ಬಗಳೆಲ್ಲ ಕಳೆದ ನವೆಂಬರಿನ ಕೊನೆಯಲ್ಲಿ ಇನ್ನೊಂದು, ಮರುವರ್ಷ ಇದೇ ಎರಡು ತಿಂಗಳು ಎಂದು ಇಟ್ಟುಕೊಂಡರೆ ಹೋಲಿಕೆ ನಿಲ್ಲುತ್ತದೆ. ಸಂದರ್ಶನ ಮಾಡುವವರೂ ಅವರೇ ಆಗಿರಲಿ, ಮೇಜಿನ ಮೇಲಿನ ಲೋಟಗಳೂ ಅವೇ ಆಗಿರಲಿ.